ಕಿಟಕಿಯ ಅಕ್ಕ

ಹೊರಗಿನಿಂದ ಬೀಗ ಬಿದ್ದ ಮನೆಯೊಳಗೆ ಕೂತು ನಮ್ಮ ಓಣಿಯ ಹೆಂಗಸರಿಗೆಲ್ಲ ದಾರಿ ಹೇಳುತ್ತಿದ್ದ ಒಬ್ಬಾಕೆಯನ್ನು ನಾನು ಬಲ್ಲೆ. ಕಳೆದ ತಿಂಗಳು ಚನ್ನಗಿರಿಯಿಂದ ಫೋನ್ ಬಂತು, ಆಕೆ ಹೋಗಿಬಿಟ್ಟರು ಅಂತ. ಮಧ್ಯಾಹ್ನದ ಅಡುಗೆ ಮುಗಿಸಿ, ಕೈ ತೊಳೆದು, ಗೋಡೆಗೆ ಒರಗಿ ಕೂತವರು ಮತ್ತೆ ಏಳಲಿಲ್ಲವಂತೆ. ಮಣ್ಣಿಗೆ ಹೋಗಿ ಬಂದೆ. ಬಂದಾಗಿನಿಂದ ಯಾವ ಕೆಲಸ ಮಾಡುತ್ತಿದ್ದರೂ ಆಕೆಯ ದನಿ ಕಿವಿಯಲ್ಲಿದೆ. ಹೆಸರು ಮಾತ್ರ ಬರೆಯುವುದಿಲ್ಲ. ಆಕೆಯ ಹೆಸರು ಬರೆದರೆ ಜನ ಗಂಡನ ಹೆಸರನ್ನೂ ಹುಡುಕುತ್ತಾರೆ, ಅದು ಆಕೆಗೆ ಇಷ್ಟವಾಗುತ್ತಿರಲಿಲ್ಲ. ನಾವೆಲ್ಲ ಅಕ್ಕ ಎಂದೇ ಕರೆಯುತ್ತಿದ್ದೆವು.

ನಾನು ಮದುವೆಯಾಗಿ ಹೊನ್ನಾಳಿಗೆ ಬಂದ ಹೊಸತು. ನಮ್ಮ ಮನೆ ಇದ್ದದ್ದು ಹೊಳೆಗೆ ಹೋಗುವ ಓಣಿಯಲ್ಲಿ. ಎದುರಿಗೆ ಹಣೆ ತುಂಬ ವಿಭೂತಿ ಹಚ್ಚುವ ಒಬ್ಬ ಅಜ್ಜಿಯ ಮನೆ, ಅದಕ್ಕೆ ಅಂಟಿಕೊಂಡಂತೆ ಎರಡು ಕೋಣೆಯ ಬಾಡಿಗೆ ಮನೆ. ದಿನಾ ಬೆಳಿಗ್ಗೆ ಒಬ್ಬ ಗಂಡಸು ಆ ಮನೆಗೆ ಬೀಗ ಹಾಕಿ, ಜಗ್ಗಿ ನೋಡಿ, ಕೀಲಿಯನ್ನು ಅಂಗಿಯ ಜೇಬಿಗೆ ಇಳಿಸಿ ಬೈಕ್ ಹತ್ತಿ ಹೋಗುತ್ತಿದ್ದ. ಒಬ್ಬನೇ ಇರುವವನು ಎಂದುಕೊಂಡಿದ್ದೆ. ಒಂದು ದಿನ ಆ ಮನೆಯ ಬೇಲಿಯ ಪಕ್ಕ ಹಾದು ಬರುವಾಗ ಒಳಗಿನಿಂದ ಒಂದು ದನಿ ಬಂತು.

"ತಂಗೀ, ನಿಮ್ಮ ಸೆರಗು ಮುಳ್ಳಿಗೆ ಸಿಕ್ಕೈತೆ. ಎಳೀಬ್ಯಾಡ್ರಿ, ಹರಿಯುತ್ತೆ. ಒಂದು ಹೆಜ್ಜೆ ಹಿಂದೆ ಬರ್ರಿ, ತಾನೇ ಬಿಡುತ್ತೆ."

ತಿರುಗಿ ನೋಡಿದರೆ ಕಿಟಕಿಯ ಸರಳುಗಳ ಹಿಂದೆ ಒಂದು ಉದ್ದನೆಯ ಮುಖ. ಹಣೆಯಲ್ಲಿ ಕುಂಕುಮವಿಲ್ಲ, ಬಿಗಿಯಾಗಿ ಕಟ್ಟಿದ ತುರುಬು. ನಾನು ಗಾಬರಿಯಿಂದ ಬಾಗಿಲ ಕಡೆ ನೋಡಿದೆ, ಬೀಗ ಇದ್ದಲ್ಲೇ ಇತ್ತು.

"ಒಳಗೆ ಇದೀರಾ? ಹೊರಗೆ ಬೀಗ ಐತಲ್ರಿ?"

"ಐತೆ," ಅಂದರು ಆಕೆ, ಮಳೆ ಬರುವ ಹಾಗಿದೆ ಎನ್ನುವಷ್ಟೇ ಸಹಜವಾಗಿ. "ಸಂಜೆಗೆ ತೆಗೀತಾರೆ."

ಆ ಗಂಡ ನೋಡಲು ಕೆಟ್ಟವನ ಹಾಗಿರಲಿಲ್ಲ, ಇವತ್ತಿಗೂ ನನಗೆ ತೊಡಕೆನಿಸುವುದು ಅದೇ. ಬಸ್ ಸ್ಟ್ಯಾಂಡಿನ ಹಿಂದೆ ಪಂಪ್‌ಸೆಟ್ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದ. ಕೈ ಚೊಕ್ಕ, ಮಾತು ಮೃದು. ಕುಡಿತವಿರಲಿಲ್ಲ, ಹೆಂಡತಿಯ ಮೇಲೆ ಕೈ ಎತ್ತಿದ್ದೂ ಇಲ್ಲ. ಅಜ್ಜಿ ಒಮ್ಮೆ ನೇರವಾಗಿ ಕೇಳಿದ್ದಳು: "ಅದೇನೋ ತಮ್ಮಾ, ಹೆಂಡ್ತಿನ ದನದ ಹಂಗೆ ಕೂಡಿ ಹಾಕಿ ಹೋಗ್ತೀಯಲ್ಲ?" ಅವನು ತಲೆ ತಗ್ಗಿಸಿ, "ಕಾಲ ಸರಿಯಿಲ್ಲ ಅಜ್ಜಿ. ಅವಳಿಗೆ ಒಳ್ಳೇದು ಕೆಟ್ಟದ್ದು ಗೊತ್ತಾಗಲ್ಲ, ಎಲ್ಲರನ್ನೂ ನಂಬ್ತಾಳೆ," ಎಂದು ಹೇಳಿ ಮರುದಿನವೂ ಬೀಗ ಜಡಿದು ಹೋದ. ಅಕ್ಕನ ಕೈಗೆ ಮೊಬೈಲ್ ಕೊಟ್ಟಿರಲಿಲ್ಲ. ಭಾನುವಾರ ಪ್ರಾರ್ಥನೆಗೆ ತಾನೇ ಕರೆದುಕೊಂಡು ಹೋಗಿ, ಪಕ್ಕದಲ್ಲೇ ಕೂರಿಸಿಕೊಂಡು, ಮುಗಿದ ಕೂಡಲೇ ಕರೆತರುತ್ತಿದ್ದ. ಮಕ್ಕಳಿರಲಿಲ್ಲ.

ಹೊನ್ನಾಳಿ ಅವರಿಗೆ ಮೊದಲ ಊರಲ್ಲ. ಮೊದಲು ಚನ್ನಗಿರಿ, ಆಮೇಲೆ ನ್ಯಾಮತಿ. ಎಲ್ಲಿ ಅಕ್ಕಪಕ್ಕದವರು ಹೆಂಡತಿಯ ಜೊತೆ ಸಲಿಗೆಯಿಂದ ಮಾತಾಡಲು ಶುರು ಮಾಡುತ್ತಾರೋ ಅಲ್ಲಿಂದ ಆತ ಮನೆ ಖಾಲಿ ಮಾಡುತ್ತಿದ್ದ. ಮೋಟರ್ ಸುಡುವುದು ಎಲ್ಲ ಊರಿನಲ್ಲೂ ಒಂದೇ ಥರ, ಆ ಕಸುಬಿನವನಿಗೆ ಎಲ್ಲಿ ಹೋದರೂ ಗಿರಾಕಿಗಳಿದ್ದರು.

ಅಕ್ಕ ಬೆಳೆದದ್ದು ಮಿಷನ್ ಹಾಸ್ಟೆಲಿನಲ್ಲಿ. ಅಲ್ಲಿಂದ ತಂದ ಒಂದು ಅಭ್ಯಾಸವನ್ನು ಕೊನೆತನಕ ಬಿಡಲಿಲ್ಲ. ಬೆಳಗಿನ ಹೊತ್ತು ಬೈಬಲಿನಿಂದ ಒಂದು ಭಾಗ ಓದುವುದು, ಓದಿ ಮುಗಿಸಿ ಇದರಿಂದ ಇವತ್ತಿಗೆ ಏನು ಉಪಯೋಗ ಎಂದು ತಮ್ಮನ್ನೇ ಕೇಳಿಕೊಳ್ಳುವುದು. ಸ್ವರ್ಗದ ಮಾತು ಆಕೆಯ ಬಾಯಲ್ಲಿ ನಾನು ಕೇಳಿದ್ದು ಕಡಿಮೆ. ಇವತ್ತಿನ ಮಟ್ಟಿಗೆ, ಈ ಮನೆಯೊಳಗೆ, ಈ ಒಲೆಯ ಮುಂದೆ ಏನು ಮಾಡಬೇಕು ಅನ್ನುವುದಷ್ಟೇ ಅವರ ಹುಡುಕಾಟ. ಒಂದು ದಿನ ನಗುತ್ತಾ ಹೇಳಿದರು:

"ಇವತ್ತು ಓದಿದ್ದು ಬರೀ ಹೆಸರು ತಂಗೀ. ಇವನ ಮಗ ಅವನು, ಅವನ ಮಗ ಇನ್ನೊಬ್ಬ. ಇದ್ರಾಗೆ ಏನು ಪಾಠಪ್ಪಾ ಅಂತ ಭಾಳ ಹೊತ್ತು ಕೂತೆ."

"ಏನು ಸಿಕ್ತು?"

"ಅಷ್ಟೊಂದು ಜನ ಇದ್ರು, ಹೋದ್ರು. ಎಲ್ಲರಿಗೂ ಯಾರೋ ಒಬ್ಬಳು ಅಡುಗೆ ಮಾಡಿ ಹಾಕಿರ್ತಾಳೆ. ಅವಳ ಹೆಸರು ಬರ್ದಿಲ್ಲ, ಆದ್ರೂ ಅವಳು ಮಾಡ್ಯಾಳೆ. ಅದಕ್ಕೆ ಇವತ್ತು ಗೊಣಗದಂಗೆ ಸಾರು ಮಾಡಿದೆ."

ಕಿಟಕಿಗೆ ಹೆಂಗಸರು ಬರಲು ಹೇಗೆ ಶುರುವಾಯಿತೋ ಗೊತ್ತಿಲ್ಲ. ಗಂಡನ ಬೈಕ್ ಓಣಿ ದಾಟಿದ ಮೇಲೆ ಒಬ್ಬರಲ್ಲ ಒಬ್ಬರು ನಿಂತಿರುತ್ತಿದ್ದರು. ಸೊಸೆ ಮಾತಾಡುವುದಿಲ್ಲ, ಮಗ ಓದುವುದಿಲ್ಲ, ಅತ್ತೆ ಎಲ್ಲರ ಮುಂದೆ ಹಂಗಿಸುತ್ತಾಳೆ. ಅಕ್ಕ ಯಾರಿಗೂ ಅದೇ ದಿನ ಉತ್ತರ ಕೊಡುತ್ತಿರಲಿಲ್ಲ. "ನಾಳೆ ಬರ್ರಿ. ಬೆಳಿಗ್ಗೆ ಓದ್ತೀನಲ್ಲ, ಏನಾದ್ರೂ ಸಿಕ್ಕರೆ ಹೇಳ್ತೀನಿ. ಸಿಗದಿದ್ರೆ ಇಲ್ಲ ಅಂತೀನಿ." ಯೋಚಿಸುವಾಗ ಸೆರಗಿನ ತುದಿಯಿಂದ ಕಿಟಕಿಯ ಸರಳನ್ನು ಮೇಲಿಂದ ಕೆಳಗೆ ಒರೆಸುತ್ತಿದ್ದರು. ಓಣಿಯ ಬೇರೆಲ್ಲ ಕಿಟಕಿಗಳ ಸರಳು ತುಕ್ಕು ಹಿಡಿದಿದ್ದರೆ ಆ ಮನೆಯದು ಮಿರಮಿರ ಮಿಂಚುತ್ತಿತ್ತು. ಯಾರಿಗೂ ನಮ್ಮ ಸಭೆಗೆ, ಪ್ರಾರ್ಥನೆಗೆ ಬನ್ನಿ ಎನ್ನಲಿಲ್ಲ.

ಅಜ್ಜಿಗೂ ಅವಳ ನೆಗೆಣ್ಣಿಗೂ, ಅಂದರೆ ಮೈದುನನ ಹೆಂಡತಿಗೂ, ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ಯಾವುದೋ ಮದುವೆಯಲ್ಲಿ ಊಟದ ಪಂಕ್ತಿಯಿಂದ ಎಬ್ಬಿಸಿದ ಸಿಟ್ಟು. ಇಬ್ಬರಿಗೂ ವಯಸ್ಸಾಗಿತ್ತು, ಇಬ್ಬರಿಗೂ ಒಳಗೊಳಗೇ ಸಂಕಟವಿತ್ತು. ಅಜ್ಜಿ ಹಬ್ಬಕ್ಕೆ ಹೋಳಿಗೆ ಕಳಿಸಿ ನೋಡಿದಳು, ಡಬ್ಬಿ ಹಾಗೇ ವಾಪಸ್ ಬಂತು. ಅಕ್ಕ ಮರುದಿನ ಹೇಳಿದ್ದು ಇದು:

"ಅಜ್ಜಿ, ಕೊಡಾಕೆ ಹೋಗಬ್ಯಾಡ್ರಿ, ಕೇಳಾಕೆ ಹೋಗ್ರಿ. ಇವತ್ತು ಓದಿದ್ರಾಗೆ ಬಾವಿ ಹತ್ರ ಒಬ್ಬ ಹೆಂಗಸು ಬರ್ತಾಳೆ. ಅವಳ ಜನಕ್ಕೂ ನಮ್ಮ ಸ್ವಾಮಿ ಜನಕ್ಕೂ ಹೊಕ್ಕು ಬಳಕೆ ಇಲ್ಲ. ಆದ್ರೂ ಸ್ವಾಮಿ ಅವಳಿಗೆ ಮೊದಲು ಉಪದೇಶ ಮಾಡ್ಲಿಲ್ಲ. ಕುಡಿಯಾಕೆ ನೀರು ಕೇಳಿದ್ರು. ಕೇಳಿದೋರ ಮುಂದೆ ಯಾರಿಗೂ ಸಿಟ್ಟು ನಿಲ್ಲಲ್ಲ."

ಅಜ್ಜಿ ಹೋಗಿ ನೆಗೆಣ್ಣಿಯ ಬಾಗಿಲಲ್ಲಿ ನಿಂತು, "ಒಂದು ಹಿಡಿ ಮೆಂತ್ಯ ಇದ್ರೆ ಕೊಡೇ, ನಮ್ಮನ್ಯಾಗೆ ಮುಗಿದೈತೆ," ಅಂದಳಂತೆ. ಆಯಮ್ಮ ಮೆಂತ್ಯ ತರಲು ಒಳಗೆ ಹೋದವಳು ಕಣ್ಣೊರೆಸಿಕೊಳ್ಳುತ್ತಾ ಬಂದಳು. ಅಜ್ಜಿ ವಾಪಸ್ಸಾದಾಗ ಸಂಜೆಯಾಗಿತ್ತು. ಕಿಟಕಿಯ ಹತ್ತಿರ ನಿಂತು, "ನಿಮ್ಮ ಸ್ವಾಮಿ ಭಾಳ ಶಾಣ್ಯಾ ಇದ್ದಾನೆ ಬಿಡವ್ವಾ," ಎಂದಳು. ಆ ಹೊತ್ತಿಗೆ ಗಂಡನ ಬೈಕಿನ ಸದ್ದು ಕೇಳಿಸಿತು, ಕಿಟಕಿ ಮುಚ್ಚಿಕೊಂಡಿತು.

ನನ್ನದೂ ಒಂದು ಸಂಕಟವಿತ್ತು. ಬಿ.ಎಡ್. ಮಾಡಿದ್ದೆ. ನ್ಯಾಮತಿಯ ಒಂದು ಶಾಲೆಯಲ್ಲಿ ಅತಿಥಿ ಶಿಕ್ಷಕಿಯ ಕೆಲಸವಿತ್ತು. ಮನೆಯಲ್ಲಿ ಮಾವನಿಗೆ ಇಷ್ಟವಿಲ್ಲ, ಗಂಡ ಮಾವನ ಮುಖ ನೋಡುತ್ತಿದ್ದರು. ನಾನು ದಿನಕ್ಕೊಂದು ಕಾರಣ ಹೇಳುತ್ತಿದ್ದೆ. ಓದಿದ್ದು ವ್ಯರ್ಥವಾಗುತ್ತದೆ, ಬಸ್ಸು ಮನೆ ಹತ್ತಿರವೇ ನಿಲ್ಲುತ್ತದೆ, ಸಂಜೆಯೊಳಗೆ ಬರುತ್ತೇನೆ. ಒಂದೊಂದು ಕಾರಣಕ್ಕೂ ಮಾವನ ಹತ್ತಿರ ಒಂದೊಂದು ಉತ್ತರ ತಯಾರಿರುತ್ತಿತ್ತು.

ಅಕ್ಕ ಸರಳು ಒರೆಸುತ್ತಾ ಕೇಳಿಸಿಕೊಂಡರು. ಮರುದಿನ ಹೇಳಿದರು: "ಕಾರಣ ಕೊಡಾಕೆ ಹೋಗಬ್ಯಾಡ್ರಿ. ಕೊಟ್ರೆ ಅವರು ಆ ಕಾರಣದ ಜೊತೆ ಜಗಳ ಆಡ್ತಾರೆ. ಹೌದು ಅನ್ನೋದನ್ನ ಹೌದು ಅಂತಷ್ಟೇ ಹೇಳ್ಬೇಕು, ಅದಕ್ಕೆ ಬಾಲ ಕಟ್ಟಬಾರದು. 'ನಾನು ಸೋಮವಾರದಿಂದ ಶಾಲೆಗೆ ಹೋಗ್ತೀನಿ ಮಾವ' ಅನ್ರಿ. ಅಷ್ಟು ಅಂದು ಒಳಗೆ ಹೋಗಿ ರೊಟ್ಟಿ ಬಡೀರಿ. ದನಿ ಮಾತ್ರ ಏರಬಾರದು."

ಹಾಗೇ ಹೇಳಿದೆ. ಮಾವ ಪೇಪರಿನಿಂದ ತಲೆ ಎತ್ತಿ ನೋಡಿದರು, ಕಾರಣ ಬರಲಿ ಎಂದು ಕಾದರು. ನಾನು ಮುಂದೆ ಏನೂ ಹೇಳದಿದ್ದಾಗ ಮತ್ತೆ ಪೇಪರಿಗೆ ಇಳಿದರು. ಸೋಮವಾರ ನಾನು ನ್ಯಾಮತಿ ಬಸ್ಸು ಹತ್ತಿದೆ. ಹೋಗುವಾಗ ಕಿಟಕಿಯ ಸರಳಿನ ನಡುವಿನಿಂದ ಆಕೆಯ ಬೆರಳುಗಳು ಕಂಡವು. ಆಕೆ ಕೈ ಬೀಸಲಿಲ್ಲ. ಬೆರಳುಗಳು ಸುಮ್ಮನೆ ಸರಳನ್ನು ಹಿಡಿದುಕೊಂಡಿದ್ದವು.

ಒಂದು ರಜಾದಿನ ತಡೆಯಲಾಗದೆ ಕೇಳಿಯೇಬಿಟ್ಟೆ. "ಅಕ್ಕ, ಎಲ್ಲರಿಗೂ ದಾರಿ ಹೇಳ್ತೀರಿ. ನಿಮ್ಮದು ಕೇಳಿ ನೋಡಿದ್ರಾ?"

"ಅದನ್ನೇ ಎಲ್ಲಕ್ಕಿಂತ ಜಾಸ್ತಿ ಕೇಳಿರೋದು," ಅಂದರು. "ಉತ್ತರ ಇಲ್ಲ ಅಂತಲ್ಲ. ಎರಡು ಐತೆ. ಬೈಬಲಿನಾಗೆ ಒಂದು ಕಡೆ ಭೂಮಿ ನಡುಗಿ ಜೈಲಿನ ಬಾಗಿಲೆಲ್ಲ ತೆಗೀತಾವೆ. ಒಳಗಿದ್ದೋರು ಓಡಲ್ಲ. ಅಲ್ಲೇ ಕೂತಿರ್ತಾರೆ, ಅದರಿಂದ ಕಾವಲುಗಾರನೇ ಬದಲಾಗ್ತಾನೆ. ಅದೇ ಪುಸ್ತಕದಾಗೆ ಇನ್ನೊಂದು ಕಡೆ ಜೈಲಿನ ಬಾಗಿಲು ತೆಗೀತಾವೆ, ಅಲ್ಲಿ ಎದ್ದು ಚಪ್ಪಲಿ ಮೆಟ್ಕೊಂಡು ನಡೆದೇ ಹೋಗ್ತಾರೆ. ಎರಡೂ ಸರಿ ಅಂತ ಬರ್ದಾರೆ. ನಂದು ಯಾವುದು ಅಂತ ಗೊತ್ತಾಗ್ತಿಲ್ಲ ತಂಗೀ."

"ಪೊಲೀಸರಿಗೆ ಹೇಳಾಣ?"

"ಹೇಳಿ ಎಲ್ಲಿಗೆ ಹೋಗ್ಲಿ? ಅಪ್ಪ ಅವ್ವ ಇಲ್ಲ. ತಮ್ಮನದು ಒಂದೇ ಕೋಣೆ, ಅದ್ರಾಗೆ ಐದು ಜನ." ಆಮೇಲೆ ದನಿ ತಗ್ಗಿಸಿ, "ಕೆಲವು ದಿನ ಉಸಿರು ಕಟ್ಟಿದಂಗೆ ಆಗುತ್ತೆ. ಆವಾಗ ಗಟ್ಟಿಯಾಗಿ ಓದ್ತೀನಿ. ನನ್ನ ದನಿನೇ ಇನ್ನೊಬ್ರು ಬಂದಂಗೆ ಇರುತ್ತೆ," ಅಂದರು.

ಅವರ ಸಭೆಯ ಪಾಸ್ಟರ್ ಚಿಕ್ಕ ವಯಸ್ಸಿನವರು. ಯಾರೋ ಹೇಳಿ ವಿಷಯ ಗೊತ್ತಾಗಿ ಒಂದು ಮಧ್ಯಾಹ್ನ ಬಂದರು. ಬೀಗ ನೋಡಿ ಮುಜುಗರಪಟ್ಟು ಕಿಟಕಿಯ ಮುಂದೆ ನಿಂತರು. ನಾನೂ ಅಜ್ಜಿಯೂ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದೆವು.

"ತಾಳ್ಕೋಬೇಕಮ್ಮಾ," ಅಂದರು ಪಾಸ್ಟರ್. "ಹೆಂಡತಿ ಗಂಡನಿಗೆ ಅಧೀನಳಾಗಿರಬೇಕು ಅಂತ ನಮಗೆ ಬೋಧನೆ ಐತೆ. ನಿಮ್ಮ ಪ್ರಾರ್ಥನೆಯಿಂದ ಅವರು ಬದಲಾಗ್ತಾರೆ."

ಅಕ್ಕನ ಸೆರಗು ಸರಳಿನ ಮೇಲಿಂದ ಕೆಳಗೆ ಒಮ್ಮೆ ಹೋಗಿ ಬಂತು. "ಆ ಭಾಗ ನಾನೂ ಓದೀನ್ರಿ ಪಾಸ್ಟರೇ. ಅದರ ಮುಂದೇನೇ ಗಂಡಂದ್ರಿಗೂ ಹೆಂಡ್ತಿನ ಪ್ರೀತಿಸ್ರಿ ಅಂತ ಬರ್ದೈತಲ್ರಿ. ನಂದು ನಾನು ಓದ್ಕೊಂತೀನಿ. ಅವರದ್ದು ಅವರಿಗೆ ಯಾರು ಓದಿ ಹೇಳ್ತಾರ್ರಿ?"

ಪಾಸ್ಟರ್ ಕೆಂಪಗಾದರು. ಅಜ್ಜಿ ಅವರೆಕಾಯಿ ಬಿಟ್ಟು ಅವರ ಮುಖವನ್ನೇ ನೋಡುತ್ತಿದ್ದಳು. ಆದರೆ ಅವರು ಒಳ್ಳೆಯವರು. ಮಾತು ಹಾರಿಸದೆ, "ಸರಿ ಅಮ್ಮ. ನಾನೇ ಹೇಳ್ಬೇಕಿತ್ತು," ಎಂದು ನೇರ ಅಂಗಡಿಗೆ ಹೋದರು. ಗಂಡ ಸ್ಟೂಲ್ ಹಾಕಿ ಕೂರಿಸಿ, ಚಹಾ ತರಿಸಿ, ಎಲ್ಲವನ್ನೂ ತಲೆ ತಗ್ಗಿಸಿ ಕೇಳಿದನಂತೆ. ಅದೇ ವಾರ ಬಾಡಿಗೆ ಮನೆಯ ಮುಂದೆ ಲಗೇಜ್ ಆಟೊ ಬಂದು ನಿಂತಿತು. ಜಗಳೂರಿಗೆ ಹೋಗುತ್ತೇವೆ, ಅಲ್ಲಿ ಬೋರ್‌ವೆಲ್ ಜಾಸ್ತಿ, ಕೆಲಸ ಚೆನ್ನಾಗಿ ಸಿಗುತ್ತದೆ ಎಂದ.

ಅಜ್ಜಿ ಓಣಿಗೆಲ್ಲ ಕೇಳುವ ಹಾಗೆ ಹೇಳಿದಳು: "ನೀನು ಹೋಗಬ್ಯಾಡವ್ವಾ. ಇಷ್ಟು ದೊಡ್ಡ ಮನ್ಯಾಗೆ ನಿನಗೊಂದು ಮೂಲೆ ಇಲ್ವಾ? ಇಲ್ಲೇ ಇರು."

ಅಕ್ಕ ಅಜ್ಜಿಯ ಎರಡೂ ಕೈ ಹಿಡಿದುಕೊಂಡರು. "ಇನ್ನೊಂದು ಸಲ ನೋಡ್ತೀನಿ ಅಜ್ಜಿ."

"ಇನ್ನೂ ಎಷ್ಟು ಸಲ ನೋಡ್ತೀಯೇ ತಾಯಿ?"

ಅಕ್ಕ ಕೈ ಬಿಡಿಸಿಕೊಂಡು ಆಟೊ ಕಡೆ ನಡೆದರು. ಆಕೆಯನ್ನು ಡ್ರೈವರ್ ಪಕ್ಕ ಕೂರಿಸಲು ಗಂಡನಿಗೆ ಮನಸ್ಸಿಲ್ಲ. ಹಿಂದೆ ಬೀರು, ಪಾತ್ರೆ, ಹಾಸಿಗೆಗಳ ನಡುವೆ ಜಾಗ ಮಾಡಿ ಹತ್ತಿಸಿದ. ಬಿಸಿಲು ತಾಗಬಾರದೆಂದು ಮೇಲೆ ಟಾರ್ಪಾಲಿನ ಹೊದಿಕೆ ಎಳೆದು ನಾಲ್ಕೂ ಮೂಲೆ ಬಿಗಿದ. ಆಟೊ ಹೊರಟಾಗ ನಮಗೆ ಕಂಡದ್ದು ಆ ನೀಲಿ ಹೊದಿಕೆಯಷ್ಟೇ.

ಅದಾಗಿ ಎರಡು ಬೇಸಗೆ ಕಳೆದ ಮೇಲೆ ನಮ್ಮ ನೆಂಟರ ಮನೆಯ ತೊಟ್ಟಿಲ ಕಾರ್ಯಕ್ಕೆ ಜಗಳೂರಿಗೆ ಹೋದೆ. ಊಟ ಮುಗಿಸಿ ಅಕ್ಕನ ಗಂಡನ ವೈಂಡಿಂಗ್ ಅಂಗಡಿ ಹುಡುಕಿದೆ. ಅಂಗಡಿ ಮುಚ್ಚಿತ್ತು. ಬೋರ್‌ವೆಲ್‌ನಿಂದ ಪಂಪ್ ಎತ್ತುವಾಗ ಕಬ್ಬಿಣದ ಸ್ಟ್ಯಾಂಡ್ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದಾನೆ ಎಂದು ಪಕ್ಕದವರು ಹೇಳಿದರು. ಊರ ಹೊರಗೆ ಕುರಿಹಟ್ಟಿಗಳ ಆಚೆ ಆ ಮನೆ. ಬೀದಿ ಕಡೆಗೆ ಕಿಟಕಿಯೇ ಇಲ್ಲ. ಆದರೆ ಬಾಗಿಲು ಪೂರ್ತಿ ತೆರೆದಿತ್ತು.

ಅಕ್ಕ ಒಳಗೆ ಶೇಂಗಾ ಸುಲಿಯುತ್ತಾ ಕೂತಿದ್ದರು. ಮಂಚದ ಮೇಲಿದ್ದ ಗಂಡ, "ಬರ್ರಿ ಟೀಚರ್," ಎಂದು ಮರ್ಯಾದೆಯಿಂದಲೇ ಕರೆದ. ಸ್ವಲ್ಪ ಹೊತ್ತಿಗೆ ಅಕ್ಕ ಕೊಡ ಎತ್ತಿಕೊಂಡು, "ನಲ್ಲಿಗೆ ಹೋಗ್ತೀನಿ. ಕೊಡ ತುಂಬಿದ ಕೂಡ್ಲೇ ಬರ್ತೀನಿ," ಎಂದು ಹೇಳಿ ನನ್ನ ಜೊತೆ ಹೊರಗೆ ಬಂದರು. ನಾವು ನಲ್ಲಿ ಮುಟ್ಟುವಷ್ಟರಲ್ಲಿ ಅವನ ಕೂಗು ಶುರುವಾಯಿತು. ಎಲ್ಲಿದೀಯಾ, ಬಂದ್ಯಾ, ಯಾರು ಅಲ್ಲಿ. ಬೈಗುಳವಲ್ಲ. ಸಂತೆಯಲ್ಲಿ ಕೈತಪ್ಪಿದ ಮಗುವಿನ ಅಳುವಿನ ಹಾಗಿತ್ತು.

"ಅಕ್ಕ, ಈಗ ಬೀಗ ಇಲ್ಲ. ನನ್ನ ಜೊತೆ ಬಸ್ಸು ಹತ್ರಿ," ಅಂದೆ.

"ಈಗ ಬಂದ್ರೆ ಅವರು ನೀರಿಲ್ದೆ ಸಾಯ್ತಾರೆ. ಅದನ್ನ ಹೊತ್ಕೊಂಡು ನಾನು ಎಲ್ಲಿ ಬದುಕ್ಲಿ?" ಕೊಡದೊಳಗೆ ನೀರು ಬೀಳುವುದನ್ನೇ ನೋಡುತ್ತಾ ಹೇಳಿದರು: "ಸಣ್ಣವರಿದ್ದಾಗ ಅವರವ್ವ ಬಿಟ್ಟು ಹೋದ್ಲಂತೆ, ಈಗ ಬರ್ತೀನಿ ಅಂತ ಹೇಳಿ. ಹೋದೋರು ತಿರುಗಿ ಬರ್ತಾರೆ ಅನ್ನೋದು ಅವರಿಗೆ ಗೊತ್ತೇ ಇಲ್ಲ. ದಿನಾ ಹೇಳಿ ಹೋಗ್ತೀನಿ, ಹೇಳಿದ ಹೊತ್ತಿಗೆ ಬರ್ತೀನಿ. ನೋಡಿ ನೋಡಿ ಕಲೀಲಿ."

ನನಗೆ ಒಪ್ಪಿಗೆಯಾಗಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಆಕೆಯ ಮೇಲೆ ಸಿಟ್ಟು ಬರುತ್ತಿತ್ತು.

ಮುಂದೆ ಆದದ್ದನ್ನು ಆಕೆಯೇ ನನಗೆ ಚನ್ನಗಿರಿಯಲ್ಲಿ ಹೇಳಿದರು. ಗಂಡ ನಿಧಾನಕ್ಕೆ ಎದ್ದು ಕೂತ, ಕೋಲು ಹಿಡಿದು ನಿಂತ, ಬಾಗಿಲತನಕ ನಡೆದ. ಆಕೆಗೆ ಸಂತೋಷವಾಯಿತು. ಒಂದು ಬೆಳಿಗ್ಗೆ ಸ್ನಾನ ಮಾಡಿ ತಲೆ ಒರೆಸಿಕೊಳ್ಳುತ್ತಿದ್ದಾಗ ಹೊರಗಿನಿಂದ ಚಿಲಕ ಸರಿದು ಬೀಗ ಕಚ್ಚಿದ ಸದ್ದು ಕೇಳಿಸಿತು. ಅವನು ಕಟ್ಟೆಯ ಮೇಲೆ ಕೂತಿದ್ದ. ಒಳಗಿನಿಂದ ಬಾಗಿಲು ಬಡಿದರೆ, "ಸುಮ್ನೆ ಕಣೇ. ನಾನು ಇಲ್ಲೇ ಅದೀನಲ್ಲ," ಎಂದು ಸಮಾಧಾನ ಹೇಳಿದ.

"ಕಾಲು ಬಂದ ಕೂಡ್ಲೇ ಅವರು ನಡೆದದ್ದು ಬೀಗದ ಹತ್ರಕ್ಕೆ," ಅಂದರು ಅಕ್ಕ. "ಕ್ಷಮಿಸೋದು ಬೇರೆ, ಬೀಗ ಹಾಕಿಸ್ಕೊಳ್ಳೋದು ಬೇರೆ ತಂಗೀ. ನಾನು ಎರಡನ್ನೂ ಒಂದೇ ಅಂತ ತಿಳ್ಕೊಂಡಿದ್ದೆ. ಅವರಿಗೆ ಅಡುಗೆ ಮಾಡಿ ಹಾಕಿದ್ದು, ಮೈ ಒರೆಸಿದ್ದು, ಅದಕ್ಕೆ ನಂಗೆ ಬೇಜಾರಿಲ್ಲ. ಆದ್ರೆ ಇನ್ನು ಒಳಗೆ ಕೂತ್ರೆ ಅದು ತಾಳ್ಮೆ ಅಲ್ಲ, ಅವರ ತಪ್ಪಿಗೆ ನಾನೂ ಕೈ ಜೋಡಿಸಿದಂಗೆ."

ಜೀವನದಲ್ಲಿ ದನಿ ಏರಿಸದ ಆಕೆ ಅವತ್ತು ಹಿತ್ತಲ ಗೋಡೆಗೆ ಮುಖ ಮಾಡಿ ಕೂಗಿಕೊಂಡರು. ಕುರಿಹಟ್ಟಿಯ ಗಂಡ ಹೆಂಡತಿ ಓಡಿ ಬಂದು ಹಾರೆ ಹಾಕಿ ಚಿಲಕ ಕಿತ್ತರು. ಆಕೆ ಓಡಿ ಹೋಗಲಿಲ್ಲ. ಪಕ್ಕದ ಹಳ್ಳಿಯಲ್ಲಿದ್ದ ಗಂಡನ ತಮ್ಮನಿಗೆ ಹೇಳಿ ಕಳಿಸಿ, ಅವನು ಬರುವತನಕ ಕಟ್ಟೆಯ ಮೇಲೆ, ಹೊರಗೇ ಕೂತರು. ಅವನು ಬಂದ ಮೇಲೆ ಗಂಡನಿಗೆ ಎದುರು ನಿಂತು, "ಚನ್ನಗಿರಿಗೆ ಹೋಗ್ತೀನಿ. ಈ ಸಲ ತಿರುಗಿ ಬರಲ್ಲ," ಎಂದರು. ಸುಳ್ಳು ಹೇಳಿ ಹೋಗಬಾರದು, ಅವರವ್ವ ಮಾಡಿದ್ದು ಅದನ್ನೇ ಎಂದರು ನನಗೆ. ಕುರಿಹಟ್ಟಿಯವರ ಫೋನಿನಿಂದ ವಿಷಯ ತಿಳಿದ ಹೊನ್ನಾಳಿಯ ಆ ಪಾಸ್ಟರೇ ಚನ್ನಗಿರಿಯ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆಯ ಕೆಲಸ ಕೊಡಿಸಿದರು.

ಗಂಡ ತನ್ನ ತಮ್ಮನನ್ನು ಕರೆದುಕೊಂಡು ಅಲ್ಲಿಗೂ ಬಂದ. ಅಕ್ಕ ಗೇಟಿನ ಹತ್ತಿರದ ಬೆಂಚಿನ ಮೇಲೆ ಕೂರಿಸಿ, ನೀರು ಕೊಟ್ಟು, ಕಾಲು ಹೇಗಿದೆ ಎಂದು ಕೇಳಿ, "ನೋಡಾಕೆ ಬರ್ಬಹುದು. ಕರ್ಕೊಂಡು ಹೋಗಂಗಿಲ್ಲ," ಎಂದರು. ಅವನು ಆಗಾಗ ಬಂದು ಕೂತು ಹೋಗುತ್ತಿದ್ದ. ಮಣ್ಣಿನ ದಿನವೂ ಬಂದಿದ್ದ. ಕೋಲೂರಿ ಎಲ್ಲರಿಂದ ದೂರ ನಿಂತಿದ್ದ.

ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಹಾಸ್ಟೆಲಿನಲ್ಲಿ ಆಕೆಯ ಕೋಣೆಯ ಚಿಲಕ ಒಳಗಡೆಯೇ ಇತ್ತು. ಆದರೂ ಮುಚ್ಚಿದ ಬಾಗಿಲ ಮುಂದೆ ಯಾರೋ ತೆಗೆಯುತ್ತಾರೆ ಎನ್ನುವ ಹಾಗೆ ನಿಂತುಬಿಡುತ್ತಿದ್ದರು. ಅಂಗಡಿಗೆ ಹೊರಟರೆ ಖಾಲಿ ಕೋಣೆಗೆ "ಹೋಗಿ ಬರ್ಲಾ?" ಎಂದು ಕೇಳುತ್ತಿದ್ದರು. ಹುಡುಗಿಯರು ನಗುತ್ತಿದ್ದರು, ತಾವೂ ನಗುತ್ತಿದ್ದರು. ಹುಡುಗಿಯರು ಬೆಳಗಿನ ಓದಿಗೆ ಬಂದು ಕೂತು ತಮ್ಮ ತಮ್ಮ ಸಂಕಟ ಹೇಳಿಕೊಳ್ಳುತ್ತಿದ್ದರು. ಉತ್ತರ ಮಾತ್ರ ಮರುದಿನವೇ.

ಹೋದ ವರ್ಷ ದಸರೆ ರಜೆಯಲ್ಲಿ ನಾನು ಆಕೆಯನ್ನು ಸೂಳೆಕೆರೆಗೆ ಕರೆದುಕೊಂಡು ಹೋದೆ. ಚನ್ನಗಿರಿಯಲ್ಲಿ ಮುಂಚೆ ಅಷ್ಟು ದಿನ ಇದ್ದೂ ಆಕೆ ಕೆರೆ ನೋಡಿರಲಿಲ್ಲ. ಇಬ್ಬರೂ ಏರಿ ಹತ್ತಿದೆವು. ಕೆರೆ ತುಂಬಿತ್ತು. ಆಚೆ ದಡದ ಗುಡ್ಡಗಳು ಮಸುಕಾಗಿ ಕಾಣುತ್ತಿದ್ದವು, ಮೀನಿನವರ ತೆಪ್ಪವೊಂದು ನಡುನೀರಿನಲ್ಲಿ ನಿಂತಿತ್ತು. ಕಲ್ಲಿನ ಮೇಲೆ ಕೂತು ಬುತ್ತಿ ಬಿಚ್ಚಿ ತಿಂದೆವು. ಸೂರ್ಯ ಇನ್ನೂ ಮೇಲಿದ್ದ. ಆಕೆ ಒಮ್ಮೆಲೇ ಗಾಬರಿಯಾಗಿ ಎದ್ದು, ಸೆರಗು ಸಿಕ್ಕಿಸಿಕೊಂಡು, ಡಬ್ಬಿ ಮುಚ್ಚತೊಡಗಿದರು.

"ಹೊತ್ತಾತು ತಂಗೀ, ಹೋಗಾಣ ನಡೀರಿ."

"ಯಾಕಕ್ಕಾ? ಯಾರು ಕಾಯ್ತಾರೆ?"

ಆಕೆ ಡಬ್ಬಿ ಹಿಡಿದುಕೊಂಡು ನಿಂತೇ ಯೋಚಿಸಿದರು. ನಾನು ಕೇಳಿದ್ದು ಬಹಳ ಕಷ್ಟದ ಪ್ರಶ್ನೆಯೇನೋ ಎನ್ನುವಂತಿತ್ತು ಆ ಮುಖ.

"ಯಾರೂ ಇಲ್ಲ," ಅಂದರು.

ಡಬ್ಬಿಯನ್ನು ಕೆಳಗಿಟ್ಟು ಮತ್ತೆ ಕೂತರು. ಚಪ್ಪಲಿ ಬಿಟ್ಟು ಕಾಲು ಚಾಚಿದರು. "ಹಂಗಾದ್ರೆ ಇನ್ನೊಂದು ಸ್ವಲ್ಪ ಹೊತ್ತು ಕೂರಾಣ."